ಜೇನುಪೆಟ್ಟಿಗೆ, ಮುಧೋಳ ನಾಯಿಮರಿ, ಗಿಳಿ, ಆಮೆ: ಮೊಬೈಲ್‌ನ್ಯಾಗ ಯಾವುದು ಮಾರಬಹುದು, ಯಾವುದಕ್ಕ ಕೇಸ್ ಬೀಳ್ತದ?

ಜಮಖಂಡಿ/ಮುಧೋಳ/ಬೀಳಗಿ/ರಬಕವಿ-ಬನಹಟ್ಟಿ: ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನ್ಯಾಗ ಜೇನುಪೆಟ್ಟಿಗೆ ಫೋಟೊ ಹಾಕಿ ‘ಹುಳದ ಸಮೇತ ಮಾರಾಟಕ್ಕಿದೆ’ ಅಂತ ಬರೆದರೆ ಆ ಪೋಸ್ಟ್ ಮಾಯ ಆಗಬಹುದು. ಅದೇ ಮೊಬೈಲ್‌ನಲ್ಲಿ, ಯಾವುದೋ ವಾಟ್ಸಾಪ್ ಗ್ರೂಪ್‌ನಲ್ಲಿ ಗಿಳಿಮರಿ ಫೋಟೊ ವಾರಗಟ್ಟಲೆ ಓಡಾಡಿದರೂ ಯಾರೂ ತೆಗೆಯುವುದಿಲ್ಲ. ಇದನ್ನ ನೋಡಿದವರು ‘ಜೇನು ಮಾರೋದು ತಪ್ಪು, ಗಿಳಿ ಮಾರೋದು ನಡಿತದ’ ಅಂತ ತಿಳಕೊಂಡ್ರ ಆಶ್ಚರ್ಯ ಇಲ್ಲ.

ಆದ್ರ ವಿಷಯ ಪೂರ್ತಿ ಉಲ್ಟಾ ಐತಿ. ಸಾಕಿದ ಜೇನು ಮಾರುವುದಕ್ಕೆ ವನ್ಯಜೀವಿ ಕಾನೂನಿನ ತಡೆ ಇಲ್ಲ. ನಮ್ಮ ಊರ ಗಿಳಿ ಮಾರಿದರೆ ಪ್ರಕರಣ ಜೈಲಿನ ತನಕ ಹೋಗಬಹುದು.

ಊರಿನ ಅಂಗಡಿಕಾರರು, ತೋಟದವರು, ನಾಯಿ ಸಾಕುವವರು ಈಗ ಮೊದಲು ಫೋಟೊ ತೆಗೆದು ಮೊಬೈಲ್‌ಗೆ ಹಾಕ್ತಾರ, ಆಮೇಲೆ ಗಿರಾಕಿ ಹುಡುಕ್ತಾರ. ಹಂಗಾಗಿ ಈ ವ್ಯತ್ಯಾಸ ಗೊತ್ತಿರಲೇಬೇಕು.

ದಾಟಬೇಕಾದ ಬಾಗಿಲು ಎರಡು

ಜೀವ ಇರುವ ಯಾವುದನ್ನೇ ಆನ್‌ಲೈನ್‌ನಲ್ಲಿ ಮಾರಬೇಕಂದ್ರ ಎರಡು ಬಾಗಿಲು ದಾಟಬೇಕು. ಒಂದು ಸರ್ಕಾರದ ಕಾನೂನು. ಇನ್ನೊಂದು ಆ ಆ್ಯಪ್ ಕಂಪನಿ ತಾನೇ ಮಾಡಿಕೊಂಡ ನಿಯಮ. ಇವೆರಡೂ ಬೇರೆ ಬೇರೆ.

ಆ್ಯಪ್ ನಿಮ್ಮ ಪೋಸ್ಟ್ ತೆಗೆದರೆ ನೀವು ಅಪರಾಧ ಮಾಡಿದ್ದೀರಿ ಅಂತ ಅರ್ಥ ಅಲ್ಲ. ತಮ್ಮ ಅಂಗಡಿಯಲ್ಲಿ ಈ ಮಾಲು ಬೇಡ ಅಂತ ಕಂಪನಿ ಹೇಳಿದೆ, ಅಷ್ಟೇ. ಹಂಗೇ ಪೋಸ್ಟ್ ಉಳಿಯಿತು ಅಂದ ಮಾತ್ರಕ್ಕೆ ಸರ್ಕಾರ ಪರವಾನಗಿ ಕೊಟ್ಟಂತೆಯೂ ಅಲ್ಲ. ಅದು ಯಾರ ಕಣ್ಣಿಗೂ ಬಿದ್ದಿರಲಿಕ್ಕಿಲ್ಲ. ಕಣ್ಣಿಗೆ ಬಿದ್ದ ದಿನ ಫೋಟೊ, ಫೋನ್ ನಂಬರ್, ಯುಪಿಐ ಲೆಕ್ಕ ಎಲ್ಲ ಸಾಕ್ಷಿ ಆಗ್ತಾವ.

ಇದು ಹೊಸ ತಲೆನೋವೂ ಅಲ್ಲ. 2016ರಲ್ಲೇ ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ನೂರಕ್ಕೂ ಹೆಚ್ಚು ಆನ್‌ಲೈನ್ ಮಾರಾಟ ತಾಣಗಳನ್ನು ಪಟ್ಟಿ ಮಾಡಿತ್ತು. ದೊಡ್ಡ ದೊಡ್ಡ ಹೆಸರಿನ ತಾಣಗಳೂ ಅದರಲ್ಲಿದ್ದವು. ಕಂಪನಿಗಳು ಪ್ರಾಣಿಗಳ ವಿಷಯದಲ್ಲಿ ಬಿಗಿ ಆಗಲು ಇಂಥ ಒತ್ತಡವೂ ಒಂದು ಕಾರಣ.

ಆ್ಯಪ್‌ಗಳು ಏನಂತಾವ?

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ವ್ಯಾಪಾರ ನಿಯಮದ ಪ್ರಕಾರ ಮಾರ್ಕೆಟ್‌ಪ್ಲೇಸ್‌ನಲ್ಲಿ ಪ್ರಾಣಿಗಳ ಮಾರಾಟ ಇಲ್ಲ. ನಾಯಿಮರಿ, ಬೆಕ್ಕು, ಪಕ್ಷಿ, ಹುಳ ಎಲ್ಲವೂ ಇದರಲ್ಲಿ ಬಂತು. ವಾಟ್ಸಾಪ್ ಬಿಸಿನೆಸ್ ಖಾತೆ ಇರುವ ಅಂಗಡಿಯವರು ಸಾಕುಪ್ರಾಣಿಗಳನ್ನು ಕ್ಯಾಟಲಾಗ್‌ಗೆ ಹಾಕಿದರೂ ತಡೆ ಬೀಳಬಹುದು.

ಅಮೆಜಾನ್ ನಮ್ಮ ದೇಶದಲ್ಲಿ ಜೀವಂತ ಪ್ರಾಣಿ ಮಾರಲು ಬಿಡುವುದಿಲ್ಲ. ಅಲ್ಲಿ ‘ಜೇನುಪೆಟ್ಟಿಗೆ’ ಅಂತ ಹುಡುಕಿದರೆ ಬರುವುದು ಖಾಲಿ ಪೆಟ್ಟಿಗೆ, ಮುಖಪರದೆ, ಹೊಗೆ ಹಾಕುವ ಡಬ್ಬಿ, ತುಪ್ಪ ತೆಗೆಯುವ ಯಂತ್ರ. ಫೋಟೊದಾಗ ಹುಳ ಕಂಡ್ರೂ ಮನೆಗೆ ಬರೋದು ಕಟ್ಟಿಗೆ ಪೆಟ್ಟಿಗೆ ಮಾತ್ರ. ಆರ್ಡರ್ ಮಾಡುವ ಮೊದಲು ಕೆಳಗಿನ ವಿವರ ಓದ್ರಿ.

ಇಂಡಿಯಾಮಾರ್ಟ್‌ನಂಥ ತಾಣಗಳ ವ್ಯವಹಾರ ಬೇರೆ. ಅಲ್ಲಿ ಜೇನು ಕುಟುಂಬದ ಜಾಹೀರಾತು ಕಾಣುತ್ತವೆ. ಅದು ಹೆಚ್ಚಾಗಿ ಮಾರುವವರ ನಂಬರ್ ಕೊಡಿಸುವ ಡೈರೆಕ್ಟರಿ ಇದ್ದಂಗ. ದರ, ಸಾಗಾಟ, ಹುಳ ಸತ್ತರೆ ಯಾರ ಹೊಣೆ ಎಂಬುದೆಲ್ಲ ನೀವು ಮತ್ತು ಮಾರುವವರು ಮಾತಾಡಿಕೊಳ್ಳಬೇಕು.

ಯಾವ ಕಂಪನಿಯೇ ಆಗಲಿ, ನಿಯಮ ಆಗಾಗ ಬದಲಾಗುತ್ತವೆ. ಪೋಸ್ಟ್ ಹಾಕುವ ದಿನ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಜೇನು: ಕಾನೂನು ಬಿಡ್ತದ, ಆ್ಯಪ್ ಬಿಡಂಗಿಲ್ಲ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಕೆಲವು ಚಿಟ್ಟೆ, ದುಂಬಿಗಳ ಹೆಸರಿವೆ. ಜೇನುಹುಳದ ಹೆಸರಿಲ್ಲ. ಆದ್ದರಿಂದ ಸಾಕಿದ ತುಡುವೆ ಜೇನು ಅಥವಾ ಮೆಲ್ಲಿಫೆರಾ ಜೇನಿನ ಕುಟುಂಬವನ್ನು ರೈತರಿಂದ ರೈತರು ಕೊಳ್ಳುವುದಕ್ಕೆ ಆ ಕಾಯ್ದೆ ಅಡ್ಡಿ ಬರುವುದಿಲ್ಲ. ಸರ್ಕಾರವೇ ಜೇನು ಸಾಕ್ರಿ ಅಂತ ಹೇಳ್ತದ. ರಾಷ್ಟ್ರೀಯ ಜೇನು ಮಂಡಳಿಯ ‘ಮಧುಕ್ರಾಂತಿ’ ಪೋರ್ಟಲ್ 2021ರ ಏಪ್ರಿಲ್‌ನಲ್ಲಿ ಶುರುವಾಯಿತು. ಜೇನು ಸಾಕುವವರು ಅಲ್ಲಿ ಹೆಸರು ನೋಂದಾಯಿಸಬಹುದು. ಹುಳ, ತುಪ್ಪ ಎಲ್ಲಿಂದ ಬಂತು ಅಂತ ಗುರುತು ಹಿಡಿಯುವುದೇ ಅದರ ಉದ್ದೇಶ.

ಆದ್ರ ಒಂದು ಎಚ್ಚರಿಕೆ. ಅಡವಿಯಿಂದ ಕಿತ್ತು ತಂದ ಜೇನಿಗೆ ಈ ಮಾತು ಹೊಂದುವುದಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ, 1963ರ ಪ್ರಕಾರ ಕಾಡಿನ ಜೇನುತುಪ್ಪ, ಮೇಣ ಅರಣ್ಯ ಉತ್ಪನ್ನ. ನಮ್ಮ ಬೀಳಗಿ, ಮುಧೋಳ ತಾಲೂಕಿನಲ್ಲೇ ಸುಮಾರು 96 ಚದರ ಕಿಲೋಮೀಟರ್‌ನ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ ಇದೆ. ಅನುಮತಿ ಇಲ್ಲದೆ ಅದರೊಳಗಿನಿಂದ ಜೇನು ಕಿತ್ತು ತರುವುದು ಅಪರಾಧ. ‘ಅಡವಿ ಜೇನು, ಗೂಡು ಸಮೇತ’ ಅಂತ ಯಾರಾದರೂ ಮಾರಲು ಬಂದರೆ ಎಲ್ಲಿಂದ ತಂದ್ರಿ ಅಂತ ಮೊದಲು ಕೇಳ್ರಿ.

ಕಾನೂನು ಬಿಟ್ಟರೂ ಆ್ಯಪ್ ಯಾಕೆ ಬಿಡುವುದಿಲ್ಲ? ಜೇನನ್ನು ನಾಯಿ, ಹಾವು, ಗಿಳಿಗಳ ಜೊತೆ ಒಂದೇ ‘ಪ್ರಾಣಿ’ ಖಾನೆಗೆ ಹಾಕುವುದು ಕಂಪನಿಗೆ ಸುಲಭ. ಜೊತೆಗೆ ಜೀವ ಇರುವ ಮಾಲನ್ನು ಕೊರಿಯರ್‌ನಲ್ಲಿ ಕಳಿಸುವುದು ಕಷ್ಟ. ಖಾಸಗಿ ಕೊರಿಯರ್‌ಗಳ ನಿಷೇಧ ಪಟ್ಟಿಯಲ್ಲಿ ಸಾಮಾನ್ಯವಾಗಿ ಜೀವಂತ ಪ್ರಾಣಿ ಇರುತ್ತದೆ. ಬಿಸಿಲಿನಲ್ಲಿ ಮುಚ್ಚಿದ ವಾಹನದಾಗ ಪೆಟ್ಟಿಗೆ ಇಟ್ಟರೆ ಮೇಣ ಮೆತ್ತಗಾಗಿ ಎರಿ ಕುಸಿಯುತ್ತದೆ, ಹುಳ ಉಸಿರುಗಟ್ಟಿ ಸಾಯುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೆಂಗಿರ್ತದ ಅಂತ ಬೇರೆ ಹೇಳಬೇಕಿಲ್ಲ.

ಹಂಗಂತ ಅಂಚೆಯಲ್ಲಿ ಜೇನು ಹೋಗುವುದೇ ಇಲ್ಲ ಅಂತಲ್ಲ. ವಿಶ್ವ ಅಂಚೆ ಒಕ್ಕೂಟದ ನಿಯಮ ಜೀವಂತ ಪ್ರಾಣಿಗಳನ್ನು ನಿಷೇಧಿಸಿದರೂ ಜೇನುಹುಳ, ಜಿಗಣೆ, ರೇಷ್ಮೆಹುಳಕ್ಕೆ ವಿನಾಯಿತಿ ಕೊಟ್ಟಿದೆ. ಅಮೆರಿಕದಲ್ಲಿ ಸಣ್ಣ ಪಂಜರದೊಳಗೆ ಒಂದು ರಾಣಿ ಹುಳ, ಜೊತೆಗೆ 8ರವರೆಗೆ ಸೇವಕಿ ಹುಳ ಇಟ್ಟು ವಿಮಾನದ ಅಂಚೆಯಲ್ಲಿ ಕಳಿಸುತ್ತಾರೆ. ನಮ್ಮಲ್ಲಿ 1898ರ ಅಂಚೆ ಕಾಯ್ದೆ, ಸಿಬ್ಬಂದಿಗೆ ಅಥವಾ ಬೇರೆ ಟಪಾಲಿಗೆ ಅಪಾಯ ಮಾಡುವಂಥ ಜೀವಿ ಕಳಿಸಬಾರದು ಅಂತ ಹೇಳಿತ್ತು. ಅದರ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದ್ದು 2024ರ ಜೂನ್‌ನಿಂದ ಜಾರಿಯಲ್ಲಿದೆ. ಅಂಚೆ ಕಚೇರಿಯಲ್ಲಿ ಕೇಳದೆ ಯಾರೂ ಹುಳದ ಪಾರ್ಸೆಲ್ ಕಟ್ಟಬ್ಯಾಡ್ರಿ.

ಸಾಗಾಟದ ಜೊತೆ ರೋಗವೂ ಬರ್ತದ

ಹುಳ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಹೋದಾಗ ರೋಗವೂ ಜೊತೆಗೆ ಹೋಗಬಹುದು. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂತು. ಕೇರಳ, ಕೊಡಗು, ದಕ್ಷಿಣ ಕನ್ನಡದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಸತ್ತುಹೋದವು. ಶೇ. 90ಕ್ಕಿಂತ ಹೆಚ್ಚು ನಾಶ ಆಯಿತೆಂಬ ಅಂದಾಜಿದೆ. ಜೇನಿನ ಮೇಲೆ ಬದುಕಿದ್ದ ಮನೆಗಳು, ಸೊಸೈಟಿಗಳು ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು.

ಈ ರೋಗ ಬಂದರೆ ಮರಿಹುಳ ನೀರು ತುಂಬಿದ ಚೀಲದಂತೆ ಆಗುತ್ತದೆ. ಮೊಬೈಲ್‌ನಲ್ಲಿ ಬರುವ ಮುಚ್ಚಿದ ಪೆಟ್ಟಿಗೆಯ ಫೋಟೊದಲ್ಲಿ ಇದು ಕಾಣುವುದಿಲ್ಲ. ಒಂದು ರೋಗದ ಪೆಟ್ಟಿಗೆ ತಂದಿಟ್ಟರೆ ಹಾನಿ ನಿಮಗಷ್ಟೇ ಅಲ್ಲ, ಸುತ್ತಮುತ್ತ ಸಾಕಿದವರಿಗೂ ಆಗ್ತದ. ಸೂರ್ಯಕಾಂತಿ, ಉಳ್ಳಾಗಡ್ಡಿ ಬೀಜ, ದಾಳಿಂಬೆ ಬೆಳೆಯುವವರಿಗೆ ಪರಾಗಸ್ಪರ್ಶ ಮಾಡುವ ಹುಳ ಹೋದರೆ ಇಳುವರಿಗೂ ಪೆಟ್ಟು.

ಜೇನು ಕೊಳ್ಳೋರು ಇಷ್ಟು ನೋಡ್ರಿ

ನಂಬರ್ ಆನ್‌ಲೈನ್‌ನಲ್ಲಿ ಸಿಕ್ಕರೂ ವ್ಯಾಪಾರ ಪೆಟ್ಟಿಗೆ ಮುಂದೆಯೇ ನಡೀಬೇಕು.

- ಹಗಲಿನಲ್ಲಿ ಹೋಗಿ ಪೆಟ್ಟಿಗೆ ತೆಗೆಸಿ ನೋಡ್ರಿ. ಎರಿಯ ಕಣ್ಣುಗಳಲ್ಲಿ ಮೊಟ್ಟೆ, ಮರಿಹುಳ ಇದ್ದರೆ ರಾಣಿ ಇದೆ, ಕೆಲಸ ಮಾಡುತ್ತಿದೆ ಅಂತ ಅರ್ಥ. ರಾಣಿ ಇಲ್ಲದ ಕುಟುಂಬ ತಾನಾಗಿ ಹೊಸ ರಾಣಿ ಮಾಡಿಕೊಳ್ಳದಿದ್ದರೆ ಕೆಲವೇ ವಾರ, ತಿಂಗಳಲ್ಲಿ ಮುಗಿದುಹೋಗ್ತದ.
- ಚೀಲದಂತಾದ ಮರಿ, ಕೆಟ್ಟ ವಾಸನೆ, ಬಲೆ ಕಟ್ಟಿದ ಮೇಣದ ಪತಂಗ ಕಂಡರೆ ಬೇಡ ಅಂದುಬಿಡ್ರಿ.
- ಸಾಗಾಟ ಕತ್ತಲಾದ ಮೇಲೆ. ಸಂಜೆ ಹೊತ್ತಿಗೆ ಎಲ್ಲ ಹುಳ ಗೂಡಿಗೆ ಬಂದಿರುತ್ತವೆ. ಬಾಗಿಲು ಮುಚ್ಚಿ, ಗಾಳಿಗೆ ಜಾಳಿಗೆ ಬಿಟ್ಟು, ಬೆಳಗಾಗುವುದರೊಳಗೆ ತಲುಪಿಸಬೇಕು.
- ಕೂಗಳತೆ ದೂರಕ್ಕೆ ಪೆಟ್ಟಿಗೆ ಸರಿಸಿದರೆ ಹುಳ ಹಳೆ ಜಾಗಕ್ಕೇ ವಾಪಸ್ ಹೋಗ್ತಾವ. ಕನಿಷ್ಠ 3-4 ಕಿ.ಮೀ. ದೂರದ ಕುಟುಂಬ ತರುವುದು ಅನುಕೂಲ.
- ‘ಹೆಜ್ಜೇನು ಪೆಟ್ಟಿಗೆ’, ‘ಕಡ್ಡಿಜೇನು ಪೆಟ್ಟಿಗೆ’ ಅಂತ ಜಾಹೀರಾತು ಕಂಡರೆ ದುಡ್ಡು ಹಾಕಬ್ಯಾಡ್ರಿ. ಇವೆರಡೂ ಬಯಲಲ್ಲಿ ಒಂದೇ ಎರಿ ಕಟ್ಟುವ ಜಾತಿ. ಪೆಟ್ಟಿಗೆಯಲ್ಲಿ ಸಾಕಲು ಬರುವುದಿಲ್ಲ.
- ದ್ರಾಕ್ಷಿ, ದಾಳಿಂಬೆ ತೋಟದ ಪಕ್ಕ ಇಡುವುದಾದರೆ ಯಾವ ದಿನ ಔಷಧ ಹೊಡಿತಾರ ಅಂತ ತೋಟದವರನ್ನ ಮೊದಲೇ ಕೇಳ್ಕೊಳ್ರಿ.

ಮೊದಲ ಸಲ ಸಾಕುವವರು ತಾಲೂಕಿನ ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಜೇನು ಯೋಜನೆಯ ಸಹಾಯಧನ ಮತ್ತು ತರಬೇತಿ ವಿಚಾರಿಸಬಹುದು. 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಗೊತ್ತಿಲ್ಲದ ನಂಬರಿಗೆ ಅಡ್ವಾನ್ಸ್ ಹಾಕುವ ಬದಲು ಅಲ್ಲಿ ಒಂದು ಮಾತು ಕೇಳುವುದು ಲಾಭ.

ರೇಷ್ಮೆಹುಳ, ಎರೆಹುಳ

ರೇಷ್ಮೆ ಮೊಟ್ಟೆ, ಚಾಕಿ ಹುಳವನ್ನು ಯಾರು ಬೇಕಾದರೂ ತಯಾರಿಸಿ ಮಾರುವಂತಿಲ್ಲ. ಕರ್ನಾಟಕದಲ್ಲಿ ರೇಷ್ಮೆ ಬಿತ್ತನೆ, ಗೂಡು, ನೂಲಿನ ಮಾರಾಟಕ್ಕೆ 1959ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಕೇಂದ್ರ ರೇಷ್ಮೆ ಮಂಡಳಿ ಕಾಯ್ದೆಗೆ 2006ರಲ್ಲಿ ತಿದ್ದುಪಡಿ ಬಂದ ಮೇಲೆ ಬಿತ್ತನೆ ತಯಾರಕರ ನೋಂದಣಿ ಇನ್ನೂ ಬಿಗಿಯಾಯಿತು. ಕಾರಣ ಇಲ್ಲೂ ರೋಗವೇ. ಪೆಬ್ರಿನ್ ರೋಗ ತಾಯಿ ಪತಂಗದಿಂದ ಮೊಟ್ಟೆಗೇ ಬರುತ್ತದೆ. ಪರೀಕ್ಷೆ ಆಗದ ಮೊಟ್ಟೆ ಅಗ್ಗಕ್ಕೆ ತಂದರೆ ಇಡೀ ಬೆಳೆ ಹೋಗಬಹುದು. ನೋಂದಣಿ ಇರುವವರ ಹತ್ರಾನೇ ತಗೊಳ್ರಿ.

ಎರೆಹುಳಕ್ಕೆ ಇಂಥ ಪ್ರತ್ಯೇಕ ಬಿತ್ತನೆ ಕಾಯ್ದೆಯ ಗೊಡವೆ ಇಲ್ಲ. ಎರೆಗೊಬ್ಬರ ಮಾಡುವವರು ಕೈಯಿಂದ ಕೈಗೆ ಮಾರುತ್ತಾರೆ. ಅದನ್ನೂ ಒದ್ದೆ ಸಗಣಿ, ಕಸದ ಜೊತೆ ಗೋಣಿಚೀಲದಾಗ ತರಬೇಕು, ಪ್ಲಾಸ್ಟಿಕ್ ಚೀಲ ಬಿಗಿದು ಕಟ್ಟಿದರೆ ಸಾಯುತ್ತವೆ.

ಮುಧೋಳ ಮರಿ ಮಾರೋರಿಗೆ

ನಮ್ಮ ಕಡೆ ಆನ್‌ಲೈನ್‌ನಲ್ಲಿ ಹೆಸರು ಮಾಡಿದ ಪ್ರಾಣಿ ಅಂದ್ರ ಮುಧೋಳ ನಾಯಿ. 2005ರಲ್ಲಿ ಅಂಚೆ ಇಲಾಖೆ ಇದರ ಸ್ಟಾಂಪ್ ತಂದಿತು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕೀ ಬಾತ್’ನಲ್ಲಿ ಹೆಸರು ಹೇಳಿದ ಮೇಲೆ ಬೇಡಿಕೆ ಇನ್ನಷ್ಟು ಏರಿತು. ಎಲ್ಲೆಲ್ಲಿಯದೋ ಉದ್ದ ಮೂತಿಯ ಮರಿಯನ್ನೂ ‘ಮುಧೋಳ’ ಅಂತ ಮಾರುವವರು ಇದ್ದಾರೆ. ಇದರಿಂದ ನಮ್ಮೂರ ಸಾಕಣೆದಾರರ ಹೆಸರೇ ಕೆಡ್ತದ.

ನಾಯಿ ಮಾರುವುದಕ್ಕೂ ಕೇಂದ್ರದ ನಿಯಮ ಇವೆ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮದ ಪ್ರಕಾರ ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 8 ವಾರ ತುಂಬದ ಮರಿ ಮಾರಬಾರದು. ಕಣ್ಣು ಬಿಟ್ಟ ಮರುದಿನವೇ ಸ್ಟೇಟಸ್‌ಗೆ ಹಾಕಿ ‘ಬುಕ್ಕಿಂಗ್’ ತಗೊಳ್ಳೋರು ಮರಿ ಕೊಡುವ ದಿನದ ಲೆಕ್ಕವನ್ನಾದರೂ ಸರಿ ಇಡಬೇಕು.

ಅಂಗಡಿ ಇಟ್ಟು ನಾಯಿ, ಬೆಕ್ಕು, ಮೊಲ, ಬಿಳಿ ಇಲಿ, ಪಂಜರದ ಪಕ್ಷಿ ಮಾರುವವರಿಗೆ 2018ರ ಪೆಟ್ ಶಾಪ್ ನಿಯಮ ಅನ್ವಯಿಸುತ್ತದೆ. ಅದರಲ್ಲಿ ‘ಪೆಟ್ ಶಾಪ್’ ಅಂದ್ರ ಶಟರ್ ಇರುವ ಅಂಗಡಿ ಮಾತ್ರ ಅಲ್ಲ. ಸಂತೆಯಲ್ಲಿ ಮಾರುವ ಜಾಗವೂ, ಆನ್‌ಲೈನ್ ತಾಣವೂ ಸೇರುತ್ತದೆ. ‘ನಂದು ಅಂಗಡಿ ಇಲ್ಲ, ಬರೀ ಮೊಬೈಲ್ ಮ್ಯಾಲ ವ್ಯಾಪಾರ’ ಅನ್ನುವ ಮಾತು ಇಲ್ಲಿ ನಡೆಯಂಗಿಲ್ಲ. ಅರ್ಜಿ ವಿಚಾರ ತಾಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಬಹುದು.

ಕೊಳ್ಳುವವರಿಗೆ ಒಂದು ಮಾತು. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದೆ. ತಳಿಯ ಬಗ್ಗೆ ಅನುಮಾನ ಇದ್ದರೆ ಅಲ್ಲಿ ಕೇಳಿ ಮುಂದುವರಿಯಿರಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಈ ತಳಿಗೆ ‘ಕಾರವಾನ್ ಹೌಂಡ್’ ಅಂತ ಹೆಸರು ಇರುತ್ತದೆ. ಅದನ್ನ ನೋಡಿ ಮೋಸ ಅಂತ ಗಾಬರಿ ಆಗಬೇಕಿಲ್ಲ.

ಗಿಳಿ, ನಕ್ಷತ್ರ ಆಮೆ, ಎರಡು ತಲೆ ಹಾವು: ಕೈ ಹಚ್ಚಬ್ಯಾಡ್ರಿ

ವನ್ಯಜೀವಿ ಕಾಯ್ದೆಗೆ 2022ರಲ್ಲಿ ದೊಡ್ಡ ತಿದ್ದುಪಡಿ ಆಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನಮ್ಮ ಗದ್ದೆ, ಗಿಡಗಳಲ್ಲಿ ಕಾಣುವ ಕೊರಳಪಟ್ಟಿ ಹಸಿರು ಗಿಳಿ ಈಗ ಅನುಸೂಚಿ 2ರಲ್ಲಿದೆ. ನಕ್ಷತ್ರ ಆಮೆ ಅನುಸೂಚಿ 1ರಲ್ಲಿದೆ. ಮಾರುವುದಷ್ಟೇ ಅಲ್ಲ, ಹಿಡಿಯುವುದು, ಕೊಳ್ಳುವುದು, ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪು. ಭವಿಷ್ಯ ಹೇಳುವವರ ಪಂಜರದ ಗಿಳಿಗೂ ಇದೇ ಕಾನೂನು.

ನಿಧಿ ತೋರಿಸ್ತದ, ಲಕ್ಷಗಟ್ಟಲೆ ಬೆಲೆ ಬರ್ತದ ಅಂತ ಎರಡು ತಲೆ ಹಾವಿನ ವಿಡಿಯೊ ಬರುತ್ತಿರುತ್ತವೆ. ಅದು ಮಣ್ಣುಮುಕ್ಕ ಹಾವು. ಅದಕ್ಕಿರುವುದು ಒಂದೇ ತಲೆ, ಬಾಲ ಮೊಂಡಾಗಿರೋದಕ್ಕ ಎರಡು ಕಂಡಂಗ ಆಗ್ತದ. ಹೊಲದ ಇಲಿ ತಿನ್ನುವ, ವಿಷ ಇಲ್ಲದ ಈ ಹಾವಿನ ವ್ಯಾಪಾರವೂ ನಿಷಿದ್ಧ. ಉಡ, ಅಡವಿ ಮೊಲ, ಅಡವಿಯಲ್ಲಿ ಹಿಡಿದ ಕೌಜುಗದ ಕಥೆಯೂ ಅದೇ.

ಶಿಕ್ಷೆ ಸಣ್ಣದಲ್ಲ. ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅನುಸೂಚಿ 1ರ ಪ್ರಾಣಿಯಾದರೆ 3ರಿಂದ 7 ವರ್ಷ ಜೈಲು ಮತ್ತು ಕನಿಷ್ಠ 25 ಸಾವಿರ ದಂಡ. ಗಾಯಗೊಂಡ ಪಕ್ಷಿ, ಆಮೆ ಸಿಕ್ಕರೆ ಸಾಕಲು ಹೋಗದೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸ್ರಿ.

ಹಂಗಾದ್ರ ಲವ್ ಬರ್ಡ್ಸ್ ಅಂಗಡಿ ಮುಚ್ಚಬೇಕೇನು? ಇಲ್ಲ. ನಾವು ಲವ್ ಬರ್ಡ್ಸ್ ಅಂತ ಕರೆಯುವ ಬಜರಿಗಾರ್, ಮತ್ತು ಕಾಕಟೀಲ್ ಹಕ್ಕಿ ವಿದೇಶಿ ಮೂಲದವು, ಸಾಕಣೆಯಲ್ಲೇ ಮರಿ ಆಗುವಂಥವು. ಅಂಗಡಿ ನೋಂದಣಿ ನಿಯಮ ಪಾಲಿಸಿ ಮಾರಬಹುದು. ಆದ್ರ ಆಫ್ರಿಕನ್ ಗ್ರೇ ಗಿಳಿ, ಮಕಾವ್, ಇಗ್ವಾನಾದಂಥ ಅಂತರರಾಷ್ಟ್ರೀಯ ಪಟ್ಟಿಯ ಪ್ರಾಣಿ ಇದ್ದರೆ ಬೇರೆ ಲೆಕ್ಕ. 2024ರ ಫೆಬ್ರುವರಿಯಲ್ಲಿ ಬಂದ ನಿಯಮದ ಪ್ರಕಾರ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದರೆ 30 ದಿನದ ಗಡುವು.

ಅಡ್ವಾನ್ಸ್ ಹಾಕಿ ಮೋಸ ಹೋದರೆ

ಮರಿ ಬಂದಿಲ್ಲ, ಪೆಟ್ಟಿಗೆ ಬಂದಿಲ್ಲ, ಫೋನ್ ಸ್ವಿಚ್ ಆಫ್ ಅಂದ್ರ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡ್ರಿ. ಎಷ್ಟು ಬೇಗ ಹೇಳ್ತೀರೋ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಮೆಸೇಜ್ ಅಳಿಸಬ್ಯಾಡ್ರಿ, ಪಾವತಿಯ ಸ್ಕ್ರೀನ್‌ಶಾಟ್ ಇಟ್ಕೊಳ್ರಿ.

ದೊಡ್ಡ ಮಾರಾಟ ತಾಣದಲ್ಲಿ ಕೊಂಡ ವಸ್ತುವಿನ ತಕರಾರು ಇದ್ದರೆ 2020ರ ಇ-ಕಾಮರ್ಸ್ ನಿಯಮ ನಿಮ್ಮ ಬೆನ್ನಿಗಿದೆ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಆದ್ರ ವಾಟ್ಸಾಪ್ ಗ್ರೂಪ್‌ನಲ್ಲಿ ಪರಿಚಯ ಇಲ್ಲದವರಿಗೆ ನೇರವಾಗಿ ಹಾಕಿದ ದುಡ್ಡಿಗೆ ಹಿಂಗ ಮಧ್ಯೆ ನಿಂತು ಉತ್ತರ ಕೊಡುವ ಕಂಪನಿ ಇರುವುದಿಲ್ಲ.

ಪೋಸ್ಟ್ ಹಾಕುವ ಮೊದಲು ಮೂರು ಪ್ರಶ್ನೆ

ಒಂದು, ಇದು ಸಾಕಿದ ಜೀವಿಯೋ, ಅಡವಿಯಿಂದ ಹಿಡಿದದ್ದೋ? ಅಡವಿಯದ್ದಾದರೆ ಅಲ್ಲಿಗೇ ಬಿಡ್ರಿ.

ಎರಡು, ಮಾರಲು ನೋಂದಣಿ ಬೇಕೇ? ನಾಯಿ, ಪಂಜರದ ಪಕ್ಷಿ, ರೇಷ್ಮೆ ಬಿತ್ತನೆಗೆ ಬೇಕು.

ಮೂರು, ಇದನ್ನು ಜೀವಂತ ತಲುಪಿಸುವ ದಾರಿ ಇದೆಯೇ? ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರಲ್ಲಿ ‘ಪ್ರಾಣಿ’ ಅಂದ್ರ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಜೇನುಹುಳವೂ ಅದರೊಳಗೇ ಬರ್ತದ.

ಮೂರಕ್ಕೂ ಉತ್ತರ ಸರಿ ಇದ್ದು, ಆಮೇಲೂ ಆ್ಯಪ್ ನಿಮ್ಮ ಪೋಸ್ಟ್ ತೆಗೆದರೆ ಬೇಜಾರ ಮಾಡ್ಕೋಬ್ಯಾಡ್ರಿ. ಸಂತೆ ಐತಿ, ಪರಿಚಯದ ರೈತರು ಅದಾರ, ಇಲಾಖೆ ಕಚೇರಿ ಐತಿ. ಜೇನಿನ ಮಟ್ಟಿಗಂತೂ ಪೆಟ್ಟಿಗೆ ತೆಗೆದು ಕಣ್ಣಾರೆ ನೋಡಿ ಕೊಳ್ಳುವ ಹಳೆ ಪದ್ಧತಿಯೇ ಕೊಡುವವರಿಗೂ ತಗೊಳ್ಳುವವರಿಗೂ ಒಳ್ಳೇದು.